ಗೂಬೆಯ ಕೋಣೆಯಲ್ಲಿ ಓದಿದ ಕತೆ

ನಮ್ಮ ಮನೆಗೆ ಗೂಬೆಯನ್ನು ತಂದದ್ದು ಅಪ್ಪ. ಆಷಾಢದ ಒಂದು ಬೆಳಿಗ್ಗೆ ಹಾಲು ತರಲು ಹೋದವರು ಹಾಲಿಲ್ಲದೆ ವಾಪಸು ಬಂದರು. ಹೆಗಲ ಮೇಲಿರಬೇಕಾದ ಟವೆಲು ಕೈಯಲ್ಲಿತ್ತು, ಅದರೊಳಗೆ ಏನೋ ಮಿಸುಕಾಡುತ್ತಿತ್ತು. ಅಮ್ಮ ಬೆಕ್ಕಿನ ಮರಿ ಎಂದುಕೊಂಡಳು. ಅಪ್ಪ ಟವೆಲನ್ನು ನಡುಮನೆಯ ನೆಲದ ಮೇಲಿಟ್ಟು ಒಂದು ಮೂಲೆ ಸರಿಸಿದರು. ಸೇಬನ್ನು ಉದ್ದಕ್ಕೆ ಹೆಚ್ಚಿಟ್ಟಂಥ ಬಿಳಿ ಮುಖವೊಂದು ನಮ್ಮನ್ನು ನೋಡಿತು. ನೋಡಿ, ಹಾವಿನ ಹಾಗೆ ಬುಸ್ ಎಂದಿತು.

"ಅಯ್ಯೋ, ಇದು ಗೂಬೆ ಕಣ್ರೀ!" ಎಂದು ಅಮ್ಮ ಗೋಡೆಗೆ ಒತ್ತಿ ನಿಂತಳು.

"ಗೂಬೆನೇ. ಪಾರ್ಕಿನ ಹೊಂಗೆ ಮರದಲ್ಲಿ ತಲೆಕೆಳಗಾಗಿ ನೇತಾಡ್ತಿತ್ತು. ಗಾಳಿಪಟದ ದಾರ ರೆಕ್ಕೆಗೆ ಸುತ್ಕೊಂಡ್ಬುಟ್ಟದೆ."

"ಅದನ್ನ ಮನೆ ಒಳಕ್ಕೆ ತಂದ್ರಾ?"

"ಇನ್ನೆಲ್ಲಿಗೆ ತರ್ಲಿ?"

ಆಷಾಢದ ಗಾಳಿಗೆ ನಮ್ಮ ಅಶೋಕಪುರಂನ ತಾರಸಿಗಳ ಮೇಲೆಲ್ಲ ಗಾಳಿಪಟ ಏಳುತ್ತವೆ. ಗಾಜಿನ ಪುಡಿ ಸವರಿದ ದಾರ ಮರಗಳಲ್ಲಿ ಸಿಕ್ಕಿಕೊಂಡು ವರ್ಷವಿಡೀ ಉಳಿಯುತ್ತದೆ. ಕಾಗೆ, ಪಾರಿವಾಳ ಅದಕ್ಕೆ ಸಿಕ್ಕಿ ಸಾಯುವುದನ್ನು ನಾವು ಕಂಡಿದ್ದೆವು. ಗೂಬೆಯನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಆಗ ಅಪ್ಪ ರೈಲ್ವೆ ವರ್ಕ್‌ಶಾಪಿನಿಂದ ರಿಟೈರಾಗಿ ಹೆಚ್ಚು ಕಾಲವಾಗಿರಲಿಲ್ಲ. ಫಿಟ್ಟರ್ ಆಗಿದ್ದವರು. ಬೀದಿಯವರೆಲ್ಲ ಫಿಟ್ಟರಣ್ಣ ಎಂದೇ ಕರೆಯುತ್ತಿದ್ದರು. ಅಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಅಕ್ಕ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಿಟ್ಟರೆ ಬೇರೆ ದೇವರಿರಲಿಲ್ಲ. ರಾಹುಕಾಲ, ದೃಷ್ಟಿ, ಬೆಕ್ಕು ಅಡ್ಡ ಹೋಗುವುದು, ಇದ್ಯಾವುದಕ್ಕೂ ಅಪ್ಪ ಮನೆಯಲ್ಲಿ ಜಾಗ ಕೊಟ್ಟಿರಲಿಲ್ಲ. ಅಮ್ಮ ಮಾತ್ರ ತನ್ನ ತವರಿನ ಒಂದೆರಡು ಭಯಗಳನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡಂತೆ ಗುಟ್ಟಾಗಿ ಇಟ್ಟುಕೊಂಡಿದ್ದಳು. ಅದರಲ್ಲಿ ಗೂಬೆಯೂ ಒಂದು. ಗೂಬೆ ಹೊಕ್ಕ ಮನೆಯನ್ನು ಬಿಡಬೇಕು ಎನ್ನುವುದು ಅವಳೂರಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅಪ್ಪನ ಊರಿನಲ್ಲೂ ಗೊತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ನೈಟ್ ಡ್ಯೂಟಿ ಮುಗಿಸಿ ಬಂದ ಅಕ್ಕ ಚಪ್ಪಲಿ ಬಿಡುವ ಮೊದಲೇ ಟವೆಲನ್ನು ಕಂಡಳು. ಅವಳು ಕಿರುಚಲೂ ಇಲ್ಲ, ಸಂತೋಷಪಡಲೂ ಇಲ್ಲ. "ಕತ್ತರಿ ಕೊಡು, ಬಿಸಿನೀರು ಕಾಯಿಸು" ಎಂದು ನನಗೆ ಹೇಳಿ ನೆಲದ ಮೇಲೆ ಕೂತಳು. ದಾರ ಚರ್ಮದೊಳಕ್ಕೆ ಇಳಿದಿತ್ತು. ಅಪ್ಪ ಗೂಬೆಯ ಕಾಲುಗಳನ್ನು ಹಿಡಿದುಕೊಂಡರು. ಅಕ್ಕ ದಾರವನ್ನು ತುಂಡುತುಂಡಾಗಿ ಕತ್ತರಿಸಿ ತೆಗೆದಳು. ಮುಗಿಯುವ ಹೊತ್ತಿಗೆ ಅಪ್ಪನ ಅಂಗೈಯಲ್ಲಿ ಉಗುರಿನ ತೂತುಗಳಿದ್ದವು. ಅಕ್ಕ ಅದಕ್ಕೂ ಮದ್ದು ಹಚ್ಚಿ, ಮಲಗಲು ಹೋದಳು.

ಆ ಮಧ್ಯಾಹ್ನ ಅಪ್ಪ ಯಾರು ಯಾರಿಗೋ ಫೋನು ಮಾಡಿ, ಗಾಯಗೊಂಡ ಪಕ್ಷಿಗಳಿಗೆ ಚಿಕಿತ್ಸೆ ಕೊಡುವ ಒಬ್ಬ ಡಾಕ್ಟರಮ್ಮನನ್ನು ಹುಡುಕಿ ಕರೆಸಿದರು. ಆಕೆ ಸ್ಕೂಟರಿನಲ್ಲಿ ಬಂದು, ಗೂಬೆಯ ರೆಕ್ಕೆ ಬಿಡಿಸಿ ನೋಡಿ, ಮೂಳೆ ಮುರಿದಿಲ್ಲ, ಆದರೆ ಸ್ನಾಯು ಕೊಯ್ದುಹೋಗಿದೆ ಎಂದರು. ಕಣಜಗೂಬೆ ಅಂತಾರೆ ಇದಕ್ಕೆ, ಇಲಿ ತಿಂದು ಬದುಕುವ ಪಕ್ಷಿ, ನಿಮಗೆ ಉಪಕಾರಿಯೇ ಎಂದರು.

"ನೋಡಿ ಸಾರ್, ಗೂಬೇನ ಸಾಕೋದು ಕಾನೂನಿಗೆ ವಿರುದ್ಧ. ಇದು ನಿಮ್ಮ ಗೂಬೆ ಅಲ್ಲ, ನನ್ನ ಪೇಷಂಟು. ನಮ್ಮಲ್ಲಿ ಈಗ ಜಾಗ ಇಲ್ಲ. ಅರಣ್ಯ ಇಲಾಖೆಯವರಿಗೆ ನಾನು ತಿಳಿಸ್ತೀನಿ. ವಾಸಿ ಆಗೋತನಕ ನೋಡ್ಕೋತೀರಾ?"

ಕಾನೂನು ಎಂಬ ಮಾತು ಕೇಳಿದ್ದೇ ಅಪ್ಪ ನೆಟ್ಟಗೆ ಕೂತರು. ಅವರಿಗೆ ಆ ಮಾತಿನ ಮೇಲೆ ತುಂಬಾ ಗೌರವ. "ನೋಡ್ಕೋತೀವಿ ಮೇಡಂ" ಎಂದರು.

"ಹೆಸರಿಡ್ಬೇಡಿ. ಮುದ್ದು ಮಾಡ್ಬೇಡಿ. ಮನುಷ್ಯರನ್ನ ಕಂಡ್ರೆ ಹೆದರ್ಕೊಂಡೇ ಇರ್ಲಿ. ಮುಂದೆ ಅದು ಬದುಕೋದು ಆ ಹೆದರಿಕೆ ಇಂದಾನೇ."

ಹಿತ್ತಲಿನಲ್ಲಿ ನೀರೊಲೆಯ ಪಕ್ಕ ಒಂದು ಶೀಟಿನ ಕೋಣೆಯಿತ್ತು. ಅಪ್ಪನ ಸ್ಪ್ಯಾನರು, ಗರಗಸ, ಹಳೆಯ ಸೈಕಲ್ಲು ಅಲ್ಲಿರುತ್ತಿದ್ದವು. ಅವನ್ನೆಲ್ಲ ಹೊರಗೆ ಹಾಕಿ, ಕಿಟಕಿಗೆ ಗೋಣಿಚೀಲ ಕಟ್ಟಿ, ಅಡ್ಡಲಾಗಿ ಒಂದು ಪೈಪು ಕೂರಿಸಿ ಗೂಬೆಗೆ ಕೋಣೆ ಮಾಡಿದರು. ಹೆಸರಿಡಬಾರದು ಎಂದು ಹೇಳಿದ್ದರಿಂದ ನಾವು ಇಡಲಿಲ್ಲ. ಬೀದಿಯವರು ಇಟ್ಟರು. ಅದು ಫಿಟ್ಟರ್ ಗೂಬೆ ಆಯಿತು.

ಮೊದಮೊದಲು ಬೀದಿಯವರು ನಮ್ಮ ಮನೆಯ ಮುಂದೆ ಸ್ವಲ್ಪ ಬೇಗ ನಡೆಯುತ್ತಿದ್ದರು. ಎದುರು ಮನೆಯ ಅಜ್ಜಿ ಅಮ್ಮನನ್ನು ಕರೆದು, "ಫಿಟ್ಟರಣ್ಣಂಗೆ ರಿಟೈರಾದ್ಮೇಲೆ ತಲೆ ಕೆಟ್ಟೋಯ್ತೇನವ್ವ? ಮನೆಗ್ ಗೂಬೆ ತರೋರ್ ಉಂಟೇ?" ಎಂದು ಕೇಳಿತು. ಆಮೇಲೆ ಅಪ್ಪ ಇಲಿಬೋನು ಹಿಡಿದು ಮನೆಮನೆಗೆ ಹೋಗತೊಡಗಿದರು. ಗೂಬೆಗೆ ಕೋಳಿಯಂಗಡಿಯ ಮಾಂಸದ ಜೊತೆಗೆ ಇಲಿಯೂ ಬೇಕು, ಮೂಳೆ ರೋಮ ಸಮೇತ ನುಂಗಿದರೇ ಅದರ ಹೊಟ್ಟೆ ಸರಿಯಿರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಇಲಿ ಬೀದಿಯಲ್ಲಿ ಧಾರಾಳವಾಗಿದ್ದವು. ಅಪಶಕುನವನ್ನು ಬೈಯುತ್ತಿದ್ದ ಅಜ್ಜಿಯೇ ಒಂದು ಬೆಳಿಗ್ಗೆ ಬೋನನ್ನು ಮಾರುದೂರ ಹಿಡಿದುಕೊಂಡು ಬಂದು, "ತಕ್ಕಳ್ಳಪ್ಪ, ನಿಮ್ಮೋನಿಗೆ" ಎಂದು ಇಟ್ಟು ಹೋಯಿತು. ಅಜ್ಜಿಯ ನಂಬಿಕೆ ಹೋಗಿರಲಿಲ್ಲ. ಅಕ್ಕಿ ಮೂಟೆಗೆ ಇಲಿ ಬಿದ್ದಿತ್ತು, ಅಷ್ಟೇ.

ಕಷ್ಟವೆಂದರೆ ಮುಸ್ಸಂಜೆಯದು. ಬೆಳಕು ಕುಂದುತ್ತಿದ್ದಂತೆ ಗೂಬೆ ಎಚ್ಚರಾಗಿ ರೆಕ್ಕೆಯ ಬ್ಯಾಂಡೇಜನ್ನು ಕೊಕ್ಕಿನಿಂದ ಕೀಳಲು ನೋಡುತ್ತಿತ್ತು. ಯಾರಾದರೂ ಕೋಣೆಯಲ್ಲಿದ್ದರೆ ಅದರ ಗಮನವೆಲ್ಲ ಅವರ ಮೇಲಿರುತ್ತಿತ್ತು, ಬ್ಯಾಂಡೇಜು ಮರೆತುಬಿಡುತ್ತಿತ್ತು. ಹೀಗೆ ಸಂಜೆಯ ಕಾವಲು ನನ್ನ ಪಾಲಿಗೆ ಬಂತು. ಸಣ್ಣ ಬಲ್ಬಿನ ಕೆಳಗೆ ಸ್ಟೂಲು ಹಾಕಿಕೊಂಡು ನಾನು ಓದುತ್ತಾ ಕೂರುತ್ತಿದ್ದೆ. ಓದುತ್ತಿದ್ದದ್ದು ಬ್ಯಾಂಕ್ ಪರೀಕ್ಷೆಯ ಪುಸ್ತಕವಲ್ಲ.

ನನಗೆ ಕಾಲೇಜಿನ ದಿನಗಳಿಂದಲೂ ಫ್ಯಾಂಟಸಿ ಕಾದಂಬರಿಗಳ ಹುಚ್ಚು. ಹಳೇ ಪುಸ್ತಕದ ಅಂಗಡಿಗಳಲ್ಲಿ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕಗಳು ಸಿಗುತ್ತಿದ್ದವು. ಮೊದಲ ಪುಟದಲ್ಲಿ ಇಲ್ಲದ ದೇಶದ ಭೂಪಟ, ಆಮೇಲೆ ಡ್ರ್ಯಾಗನ್ನು, ಮಾತಾಡುವ ಮರ, ಮಂತ್ರದಂಡ. ರಕ್ಷಾಪುಟದ ಮೇಲೆ ಗಡ್ಡದ ಮಾಂತ್ರಿಕನಿದ್ದ ಒಂದು ಪುಸ್ತಕವನ್ನು ಕಂಡು ಅಪ್ಪ ಹಿಂದೊಮ್ಮೆ ಹೇಳಿದ್ದರು: "ಮಂತ್ರವಾದಿಗಳು ಈ ಮನೆ ಹೊಸಿಲು ತುಳೀಬಾರ್ದು ಅಂತ ನಾನು ಇಷ್ಟು ವರ್ಷ ಕಾದಿದೀನಿ. ನೀನು ಪುಸ್ತಕದಲ್ಲಿ ಕರ್ಕೊಂಡು ಬರ್ತೀಯಲ್ಲವ್ವ." ಅಂದಿನಿಂದ ನಾನು ಆ ಪುಸ್ತಕಗಳನ್ನು ಅವರೆದುರು ಓದುತ್ತಿರಲಿಲ್ಲ. ಅದರ ಬಗ್ಗೆ ಜಗಳವೂ ಆಗಿರಲಿಲ್ಲ. ನಾವಿಬ್ಬರೂ ಅಷ್ಟಾಗಿ ಮಾತಾಡುವವರೇ ಅಲ್ಲ.

ಒಂದು ಸಂಜೆ ಅಪ್ಪ ಇಲಿ ತಂದು ಗೂಬೆಯ ಮುಂದಿಟ್ಟರು. ಅದು ತಿನ್ನುವುದನ್ನು ನೋಡಲು ಬಾಗಿಲ ಬಳಿ ಬಕೆಟ್ಟು ಬೋರಲು ಹಾಕಿ ಕೂತರು. ನಾವು ನೋಡುತ್ತಿದ್ದರೆ ಅದು ತಿನ್ನುತ್ತಿರಲಿಲ್ಲ. ನಾವು ಬೇರೆಲ್ಲೋ ನೋಡಬೇಕಿತ್ತು. ಅಪ್ಪ ನನ್ನ ಪುಸ್ತಕವನ್ನು ನೋಡಿದರು.

"ಏನದು?"

"ಕತೆ ಪುಸ್ತಕ."

"ಏನ್ ಕತೆ?"

"ನಿಮಗೆ ಇಷ್ಟ ಆಗಲ್ಲ ಅಪ್ಪ."

"ಇಷ್ಟ ಆಗೋದು ಬುಡೋದು ಆಮೇಲೆ. ಏನ್ ಕತೆ ಹೇಳು."

ನಾನು ಹೇಳಿದೆ. ಒಂದು ನಡುಗಡ್ಡೆಯ ರಾಜ್ಯ. ಅದನ್ನು ಬಳಸಿ ಹರಿಯುವ ನದಿ ಒಂದು ದಿನ ನಿಂತುಬಿಡುತ್ತದೆ. ಅರಮನೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಅನಾಥ ಹುಡುಗಿಯೊಬ್ಬಳಿಗೆ ಮಾತ್ರ ನೀರಿನ ಮಾತು ಕೇಳಿಸುತ್ತದೆ. ನದಿ ಯಾಕೆ ಮುನಿಸಿಕೊಂಡಿದೆ ಎಂದು ತಿಳಿಯಲು ಅವಳು ಬತ್ತಿದ ನದೀಪಾತ್ರದಲ್ಲೇ ನಡೆದು ನದಿ ಹುಟ್ಟುವ ಜಾಗಕ್ಕೆ ಹೊರಡುತ್ತಾಳೆ.

ಅಪ್ಪ ಪೂರ್ತಿ ಕೇಳಿ, "ಆ ಅರಮನೇಲಿ ಕಕ್ಕಸು ತೊಳೆಯೋರು ಯಾರು?" ಎಂದರು.

"ಅದೆಲ್ಲ ಬರೆದಿಲ್ಲ."

"ಅಷ್ಟು ದಪ್ಪ ಪುಸ್ತಕದಲ್ಲಿ ಅದಕ್ಕೆ ಜಾಗ ಇಲ್ವಾ?"

ನನಗೆ ಸ್ವಲ್ಪ ಕೋಪ ಬಂತು. ಆದರೆ ಮರುದಿನ ಸಂಜೆ ಅಪ್ಪ ಮತ್ತೆ ಬಂದು ಬಕೆಟ್ಟಿನ ಮೇಲೆ ಕೂತು, "ಆ ಹುಡುಗಿ ಎಲ್ಲಿಗಂಟ ಹೋದ್ಲು?" ಎಂದು ಕೇಳಿದರು. ನಾನು ಪುಟ ತಿರುವಿ, ಇಂಗ್ಲಿಷನ್ನು ಕಣ್ಣಲ್ಲಿ ಓದುತ್ತಾ ಬಾಯಲ್ಲಿ ಕನ್ನಡ ಹೇಳತೊಡಗಿದೆ. ಮೊದಲು ತಡವರಿಸುತ್ತಿದ್ದೆ, ಆಮೇಲೆ ಅಭ್ಯಾಸವಾಯಿತು. ದನಿ ತಗ್ಗಿಸಿ ಓದಬೇಕಿತ್ತು. ಗೂಬೆ ಪೈಪಿನ ಮೇಲೆ ಕೂತು ಮುಖವನ್ನು ನನ್ನ ಕಡೆಗೊಮ್ಮೆ, ಅಪ್ಪನ ಕಡೆಗೊಮ್ಮೆ ತಿರುಗಿಸುತ್ತಿತ್ತು. ಕತೆ ಕೇಳುತ್ತಿದೆ ಎಂದು ನಾನು ಹೇಳಿದರೆ ಅಪ್ಪ ಒಪ್ಪುತ್ತಿರಲಿಲ್ಲ. "ಅದು ಇಲಿ ಸದ್ದು ಕೇಳ್ತಾ ಅದೆ. ನಮ್ಮ ಮಾತು ಅದಕ್ಕೆ ಗಲಾಟೆ, ಅಷ್ಟೇ." ಅವರು ಹೇಳಿದ್ದೇ ಸರಿಯಿರಬೇಕು.

ಅಪ್ಪನ ಪ್ರಶ್ನೆಗಳು ನಿಲ್ಲಲಿಲ್ಲ. ನೂರಾರು ಸೈನಿಕರು ಕಾಡಿನಲ್ಲಿ ಬೀಡುಬಿಟ್ಟರೆ ಅವರಿಗೆ ಬೇಯಿಸುವ ಅಕ್ಕಿ ಯಾರ ಗದ್ದೆಯದು? ಮಂತ್ರ ಹಾಕಿ ಕಲ್ಲನ್ನು ಎತ್ತುವ ಮುದುಕ ಆ ಕೋಟೆಯನ್ನು ಕಟ್ಟುವಾಗ ಎಲ್ಲಿದ್ದ? ಭೂಪಟ ಮಾತ್ರ ಅವರಿಗೆ ತುಂಬಾ ಹಿಡಿಸಿತು. ಕನ್ನಡಕ ಹಾಕಿಕೊಂಡು, ಬೆರಳಿನಿಂದ ಬೆಟ್ಟ ಬಳಸಿ ದಾರಿ ಹುಡುಕಿ, "ಈ ಊರಿಂದ ಈ ಊರಿಗೆ ಒಂದು ರೈಲು ಹಾಕಿದ್ದಿದ್ರೆ ಇವರಿಗೆ ಯುದ್ಧನೇ ಬೇಕಾಗ್ತಿರ್ಲಿಲ್ಲ" ಎಂದರು. ನಾನು ನಕ್ಕೆ. ಅವರೂ ನಕ್ಕರು. ಸದ್ದಿಗೆ ಗೂಬೆ ಬುಸ್ ಎಂದಿತು. ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆವು.

ಶ್ರಾವಣ ಬಂತು. ಅಕ್ಕನನ್ನು ನೋಡಲು ಬರುವುದಾಗಿ ಜಯಲಕ್ಷ್ಮಿಪುರಂನಿಂದ ಹೇಳಿ ಕಳಿಸಿದರು. ನಮ್ಮ ಹಾಗೇ ಬೌದ್ಧ ದೀಕ್ಷೆ ತೆಗೆದುಕೊಂಡ ಮನೆಯವರು. ಹುಡುಗ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಕ್ಕ ಅವನ ಫೋಟೊ ನೋಡಿ ಬೇಡ ಅನ್ನಲಿಲ್ಲ. ಅವಳ ಮಟ್ಟಿಗೆ ಅದು ದೊಡ್ಡ ವಿಷಯ. ಹಿಂದೆ ಬಂದ ಸಂಬಂಧಗಳನ್ನೆಲ್ಲ ಅವಳು ಮೊದಲ ದಿನವೇ ತಳ್ಳಿಹಾಕಿದ್ದಳು.

ಹಿಂದಿನ ದಿನ ಅಮ್ಮ ಮೆಲ್ಲಗೆ ಹೇಳಿದಳು: "ನಾಳೆ ಒಂದು ದಿವಸ ಅದನ್ನ ಬೇರೆ ಕಡೆ ಇಡೋಕಾಗಲ್ವಾ?"

"ಎಲ್ಲಿ ಇಡೋದು? ಜಾಗ ಬದಲಾಯಿಸಿದ್ರೆ ಗಾಬರಿ ಬೀಳ್ತದೆ ಅಂತ ಡಾಕ್ಟರಮ್ಮ ಹೇಳಿದಾರಲ್ಲ."

"ಬರೋರು ಏನಂದ್ಕೋತಾರೆ?"

"ಮೇಷ್ಟ್ರ ಮನೆಯೋರು. ವಿಜ್ಞಾನದ ಮೇಷ್ಟ್ರು. ಏನಂದ್ಕೋತಾರೆ?" ಎಂದರು ಅಪ್ಪ. ಅಲ್ಲಿಗೆ ಮಾತು ಮುಗಿಯಿತು. ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

ಮರುದಿನ ಮಧ್ಯಾಹ್ನ ಅವರು ಬಂದರು. ಹುಡುಗ ನಾಚಿಕೆಯವನು, ಒಳ್ಳೆಯವನ ಹಾಗೆ ಕಂಡ. ಅಕ್ಕನ ಆಸ್ಪತ್ರೆಯ ಶಿಫ್ಟಿನ ಬಗ್ಗೆ ಕೇಳಿದ. ಅವಳು ತಲೆಯೆತ್ತಿ ಉತ್ತರ ಕೊಟ್ಟಳು. ಕೇಸರಿಭಾತು, ಬೋಂಡ ಆಯಿತು. ಹುಡುಗನ ದೊಡ್ಡಮ್ಮ ಕೈತೊಳೆಯಲು ಹಿತ್ತಲಿಗೆ ಹೋದರು. ನಾನು ನೀರು ಹಾಕಲು ಹಿಂದೆ ಹೋಗುವಷ್ಟರಲ್ಲಿ ಅವರು ಕೋಣೆಯ ಬಾಗಿಲ ಸಂದಿನಲ್ಲಿ ಇಣುಕಿದ್ದರು. ಒಳಗಿನಿಂದ ಬುಸ್ ಎಂಬ ಸದ್ದು ಬಂತು. ಅವರು ಹಾವೆಂದು ಹೆದರಿ ಕೂಗಿದರು. ಹಾವಲ್ಲ, ಗೂಬೆ ಎಂದು ನಾನು ಸಮಾಧಾನ ಮಾಡಿದೆ. ಅವರಿಗೆ ಹಾವೇ ವಾಸಿ ಅನ್ನಿಸಿರಬೇಕು.

ಅಪ್ಪ ಗೂಬೆ ಸಿಕ್ಕ ಬಗೆಯನ್ನು ಉತ್ಸಾಹದಿಂದ ವಿವರಿಸಿದರು. ಅದು ಇಲಿ ತಿಂದು ರೈತರಿಗೆ ಮಾಡುವ ಉಪಕಾರವನ್ನೂ ಹೇಳಿದರು. ಹುಡುಗ ಆಸಕ್ತಿಯಿಂದಲೇ ಕೇಳಿದ, ನೋಡಬಹುದಾ ಎಂದೂ ಕೇಳಿದ. ಅವನ ದೊಡ್ಡಮ್ಮ, "ಹೊತ್ತಾಯ್ತು ಕಣಪ್ಪ, ಏಳು" ಎಂದರು. ಕಾಫಿ ಲೋಟದಲ್ಲೇ ಉಳಿಯಿತು.

ಆ ವಾರವೇ ಸಂಬಂಧ ತಂದವರಿಂದ ಫೋನು ಬಂತು. ಜಾತಕ ಕೂಡಿಬರಲಿಲ್ಲವಂತೆ. ನಾವು ಜಾತಕ ಕೊಟ್ಟೇ ಇರಲಿಲ್ಲ. ಅಕ್ಕನಿಗಾಗಲೀ ನನಗಾಗಲೀ ಜಾತಕವೇ ಇಲ್ಲ.

ಅಪ್ಪ ಒಣನಗೆ ನಕ್ಕು, "ಒಳ್ಳೇದೇ ಆಯ್ತು. ಇಂಥವರ ಮನೆಗೆ ಹೋಗಿ ಏನ್ ಮಾಡ್ತಿದ್ದೆ ನೀನು?" ಎಂದರು.

ಅಕ್ಕ ಡ್ಯೂಟಿಗೆ ಹೊರಟಿದ್ದವಳು ಬ್ಯಾಗನ್ನು ಕೆಳಗಿಟ್ಟಳು. "ನಿಮ್ಮ ವಿಚಾರ ನಿಮಗೆ ದೊಡ್ಡದು ಅಪ್ಪ. ನಾನು ಬೇಡ ಅನ್ನಲ್ಲ. ಆದ್ರೆ ಯಾರ ಮನೆಗೆ ಹೋಗ್ಬೇಕು, ಬೇಡ ಅಂತ ನನ್ನನ್ನ ಒಂದು ಮಾತು ಕೇಳಿದ್ರಾ? ಅಮ್ಮ ಒಂದೇ ಒಂದು ದಿವಸ ಅಂದಾಗ ನನ್ನ ಮುಖ ನೋಡಿದ್ರಾ? ಗೂಬೆ ಗಾಬರಿ ಬೀಳ್ತದೆ ಅಂದ್ರಿ. ನಾನು?"

ವಾದದಲ್ಲಿ ಅಪ್ಪ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ಬ್ಯಾಗೆತ್ತಿಕೊಂಡು ಹೋದಳು. ಅಂದಿನಿಂದ ಅಪ್ಪನೊಂದಿಗೆ ಮಾತು ಬಿಟ್ಟಳು. ಆದರೆ ಬ್ಯಾಂಡೇಜು ಬದಲಾಯಿಸುವ ದಿನ ತಪ್ಪದೆ ಹಿತ್ತಲಿಗೆ ಬರುತ್ತಿದ್ದಳು. ಅಪ್ಪ ಗೂಬೆಯ ಕಾಲು ಹಿಡಿಯುತ್ತಿದ್ದರು, ಅವಳು ಗಾಯ ತೊಳೆಯುತ್ತಿದ್ದಳು. ಇಬ್ಬರೂ ಗೂಬೆಯನ್ನು ನೋಡುತ್ತಿದ್ದರು. "ಅದೇನ್ ಮಾಡ್ತು ಪಾಪ" ಎಂದು ಒಮ್ಮೆ ನನಗೆ ಹೇಳಿದಳು.

ಕೆಲವು ಸಂಜೆ ಅಪ್ಪ ಕತೆ ಕೇಳಲು ಬರಲಿಲ್ಲ. ಬಂದ ದಿನ, ನಾನು ಪುಸ್ತಕ ತೆರೆಯುವ ಮೊದಲೇ ತಾವೇ ಮಾತು ಶುರುಮಾಡಿದರು. ಗೂಬೆಯ ಕಡೆಗೆ ತಿರುಗಿ ಹೇಳಿದರು, ನನಗಲ್ಲ.

ಅವರ ಹಳ್ಳಿಯ ಮನೆ ಕೇರಿಯ ಕೊನೆಯದು. ಅಪ್ಪ ಸ್ಕೂಲಿಗೆ ಹೋಗುವ ವಯಸ್ಸು. ಒಂದು ಮಳೆಗಾಲದಲ್ಲಿ ಗೂಬೆಯೊಂದು ಮನೆಯೊಳಗೆ ಹೊಕ್ಕು ಅಟ್ಟದ ಮೇಲೆ ಕೂತಿತು. ಊರಿನ ಶಾಸ್ತ್ರದವರು ಮನೆ ಬಿಡಬೇಕು ಎಂದರು. ತಾತ ಬಾಗಿಲಿಗೆ ಮುಳ್ಳು ಬಡಿದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ನಾಲೆ ಏರಿಯ ಮೇಲೆ ಸೋಗೆಯ ಗುಡಿಸಲು ಹಾಕಿದರು. ಮಳೆ ಹಿಡಿಯಿತು. ಅಪ್ಪನ ತಂಗಿ ಇನ್ನೂ ಅಂಬೆಗಾಲಿಡುವ ಮಗು, ಅದಕ್ಕೆ ಶೀತವಾಗಿ ಜ್ವರ ಬಂತು. ಗೂಬೆ ನೆರಳು ಬಿದ್ದಿದೆ ಎಂದು ತಾಯತ ಕಟ್ಟಿಸಿದರು. ಸ್ವಂತ ಮನೆ ಕಣ್ಣಳತೆಯಲ್ಲೇ ಇತ್ತು. ಬೆಚ್ಚಗಿತ್ತು. ಮಗು ಗುಡಿಸಲಲ್ಲೇ ಹೋಯಿತು.

"ಗೂಬೆ ಕೊಲ್ಲಲಿಲ್ಲ ಕಣವ್ವ" ಎಂದರು ಅಪ್ಪ. "ಮನೆ ಬುಟ್ಟಿದ್ದು ಕೊಂದಿದ್ದು. ಆ ಗೂಬೆ ಒಂದೇ ರಾತ್ರಿ ಇದ್ದು ಹೋಗಿತ್ತು. ನಮ್ಮವ್ವ ಸಾಯೋಗಂಟ ಗೂಬೇನೇ ಬೈತಿದ್ಲು."

ಅಪ್ಪನಿಗೆ ಒಬ್ಬ ತಂಗಿಯಿದ್ದಳು ಎಂಬುದೇ ನಮಗೆ ಗೊತ್ತಿರಲಿಲ್ಲ. ಅವರು ಬಕೆಟ್ಟನ್ನು ನನ್ನ ಕಡೆಗೆ ಎಳೆದುಕೊಂಡು, "ಓದು, ಆ ಹುಡುಗಿ ಏನಾದ್ಲು ನೋಡಣ" ಎಂದರು. ನಾನು ಓದಿದೆ.

ಮರುದಿನ ಇದನ್ನು ಅಕ್ಕನಿಗೆ ಹೇಳಿದೆ. ಅವಳು ಜಡೆ ಹಾಕಿಕೊಳ್ಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು. "ಇದನ್ನ ಅವತ್ತೇ ಹೇಳಿದ್ದಿದ್ರೆ ನಾನೇ ಗೂಬೇನ ನಡುಮನೇಲಿ ಕೂರಿಸ್ತಿದ್ದೆ" ಎಂದಳು. ಕೋಪದಲ್ಲಿ ಹೇಳಿದಳೋ ದುಃಖದಲ್ಲೋ ಗೊತ್ತಾಗಲಿಲ್ಲ.

ಅಪ್ಪ ಒಂದು ದಿನ ಇಸ್ತ್ರಿ ಶರ್ಟು ಹಾಕಿಕೊಂಡು ಅಕ್ಕನ ಆಸ್ಪತ್ರೆಗೆ ಹೋದರು. ಅವಳು ಕೆಲಸಕ್ಕೆ ಸೇರಿದಾಗಿನಿಂದ ಅವರು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಶಿಫ್ಟು ಮುಗಿಯುವವರೆಗೂ ಗೇಟಿನ ಬಳಿ ಕಾದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದರು. ಏನು ಮಾತಾಡಿದರೆಂದು ಇಬ್ಬರೂ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಅಕ್ಕ, "ಅಪ್ಪ, ಉಪ್ಪಿನಕಾಯಿ ಈ ಕಡೆ ಕೊಡಿ" ಎಂದಳು. ಅಮ್ಮ ನನ್ನ ಮುಖ ನೋಡಿದಳು.

ಇತ್ತ ಪುಸ್ತಕ ಕೊನೆಯ ಭಾಗಕ್ಕೆ ಬಂದಿತ್ತು. ಒಂದು ಮಧ್ಯಾಹ್ನ ನಾನು ಮುಂದಿನ ಅಧ್ಯಾಯವನ್ನು ಮೊದಲೇ ಓದಿಕೊಂಡೆ. ಪಾತ್ರೆ ತಿಕ್ಕುವ ಹುಡುಗಿ ನಿಜವಾಗಿ ಸತ್ತ ರಾಜನ ಕಳೆದುಹೋದ ಮಗಳು ಎಂದು ಅಲ್ಲಿ ಗೊತ್ತಾಗುತ್ತಿತ್ತು. ಅವಳ ಮೈಯಲ್ಲಿ ರಾಜರಕ್ತ ಇರುವುದರಿಂದಲೇ ಅವಳಿಗೆ ನದಿಯ ಮಾತು ಕೇಳಿಸುತ್ತಿತ್ತಂತೆ. ಇಂಥ ತಿರುವನ್ನು ನಾನು ಎಷ್ಟೋ ಪುಸ್ತಕಗಳಲ್ಲಿ ಓದಿದ್ದೆ, ಓದಿ ರೋಮಾಂಚನಗೊಂಡಿದ್ದೆ. ಈ ಸಲ ಅಪ್ಪನ ಮುಂದೆ ಅದನ್ನು ಹೇಳುವುದನ್ನು ನೆನೆದು ಮುಜುಗರವಾಯಿತು. ಅವರೇನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಪಾತ್ರೆ ತಿಕ್ಕುವವಳ ಮಗಳಾಗಿದ್ದರೆ ನೀರಿನ ಮಾತು ಕೇಳಿಸುತ್ತಿರಲಿಲ್ಲವಾ ಎನ್ನುತ್ತಿದ್ದರು.

ಸಂಜೆ ಪುಸ್ತಕ ತೆರೆದಿಟ್ಟುಕೊಂಡು ನಾನು ಬೇರೆಯದನ್ನೇ ಹೇಳಿದೆ. ಹುಡುಗಿ ನದಿಯ ಹುಟ್ಟನ್ನು ತಲುಪುತ್ತಾಳೆ. ನನ್ನ ಮಾತು ನಿನಗೇ ಯಾಕೆ ಕೇಳಿಸಿತು ಗೊತ್ತಾ ಎಂದು ನದಿ ಕೇಳುತ್ತದೆ. ಗೊತ್ತಿಲ್ಲ ಎನ್ನುತ್ತಾಳೆ. ಅರಮನೆಯಲ್ಲಿ ದಿನವೆಲ್ಲ ನೀರಲ್ಲಿ ಕೈಯಿಟ್ಟುಕೊಂಡಿದ್ದವಳು ನೀನೊಬ್ಬಳೇ, ಬೇರೆ ಯಾರಿಗೆ ಹೇಳಲಿ ಎನ್ನುತ್ತದೆ ನದಿ.

ಅಪ್ಪ ಬಕೆಟ್ಟಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು. "ಇದು ಪುಸ್ತಕದಲ್ಲೇ ಇರೋದಾ?"

"ಅಲ್ಲ."

"ಪುಸ್ತಕದಲ್ಲಿ ಏನದೆ?"

"ಅವಳು ರಾಜನ ಮಗಳು ಅಂತ ಅದೆ."

ಅಪ್ಪ ಗೂಬೆಯನ್ನು ನೋಡಿದರು, ನನ್ನನ್ನು ನೋಡಿದರು. "ಅದು ಬೇಡ. ನೀನು ಹೇಳಿದ್ದೇ ಮುಂದಕ್ಕೆ ಹೇಳು" ಎಂದರು.

ನಾನು ಹೇಳಿದೆ. ಮುಂದಿನ ಸಂಜೆಗಳಲ್ಲೂ ಪುಸ್ತಕ ತೊಡೆಯ ಮೇಲಿರುತ್ತಿತ್ತು, ಪುಟ ಮಾತ್ರ ತಿರುಗುತ್ತಿರಲಿಲ್ಲ. ಕೆಲವು ಕಡೆ ಅಪ್ಪ ಕತೆಯನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಿದ್ದರು. ಅಡುಗೆಮನೆಯ ಕೆಲಸದವರೆಲ್ಲ ಒಂದು ದಿನ ಒಲೆ ಹಚ್ಚದೆ ಕೂತುಬಿಡುವ ಪ್ರಸಂಗ ಪೂರ್ತಿ ಅವರದೇ. ವರ್ಕ್‌ಶಾಪಿನ ಯಾವುದೋ ಹಳೆಯ ಸ್ಟ್ರೈಕು ಅದರಲ್ಲಿ ನುಸುಳಿತ್ತು. ಒಮ್ಮೆ ಅಕ್ಕ ಬಾಗಿಲಲ್ಲಿ ನಿಂತು ಕೇಳಿ, "ಅಷ್ಟು ದೂರ ಬರಿಗಾಲಲ್ಲಿ ನಡೆದೋಳಿಗೆ ಕಾಲಲ್ಲಿ ಹುಣ್ಣಾಗಲ್ವಾ? ಮೊದ್ಲು ಅದಕ್ಕೇನಾದ್ರೂ ಮಾಡಿ" ಎಂದಳು. ಹುಡುಗಿಗೆ ದಾರಿಯಲ್ಲಿ ಒಬ್ಬ ನಾಟಿವೈದ್ಯೆ ಸಿಕ್ಕಳು. ನಾನು ಕತೆ ಬರೆಯುವುದು ಇಲ್ಲಿಂದ ಶುರುವಾಯಿತು ಎಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅದು ಶುರುವಾದದ್ದು ಎಷ್ಟೋ ವರ್ಷಗಳ ಮೇಲೆ, ಬೇರೆ ಕಾರಣಗಳಿಗೆ. ಅಲ್ಲಿ ಆದದ್ದು ಇಷ್ಟೇ. ಒಂದೇ ಮನೆಯಲ್ಲಿದ್ದ ಅಪ್ಪನೂ ನಾನೂ ಒಬ್ಬರಿಗೊಬ್ಬರು ಗುರುತಾದೆವು.

ದಸರೆಯ ದೀಪಗಳನ್ನು ಬಿಚ್ಚುವ ಹೊತ್ತಿಗೆ ಗೂಬೆ ಕೋಣೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹಾರುತ್ತಿತ್ತು. ಕಿವಿಯ ಪಕ್ಕದಲ್ಲೇ ಹಾದುಹೋದರೂ ಸದ್ದಿರುತ್ತಿರಲಿಲ್ಲ, ಗಾಳಿ ತಾಗುತ್ತಿತ್ತು. ಡಾಕ್ಟರಮ್ಮ ಬಂದು ನೋಡಿ, ಇನ್ನು ಇಷ್ಟು ಸಣ್ಣ ಜಾಗ ಸಾಲದು, ತಮ್ಮಲ್ಲಿ ದೊಡ್ಡ ಪಂಜರ ಖಾಲಿಯಾಗಿದೆ, ಅಲ್ಲಿ ಬೇಟೆ ಕಲಿತ ಮೇಲೆ ಬಿಡುತ್ತೇವೆ ಎಂದರು. ರಟ್ಟಿನ ಪೆಟ್ಟಿಗೆಗೆ ತೂತು ಕೊರೆದದ್ದು ಅಪ್ಪ. ಒಳಗೆ ಹಾಕುವಾಗ ಅದು ಅವರ ಅಂಗೈಯನ್ನು ಮತ್ತೆ ಪರಚಿತು.

"ನೋಡಿದ್ರಾ ಮೇಡಂ? ಇನ್ನೂ ನಮ್ಮನ್ನ ಕಂಡ್ರೆ ಹೆದರ್ತದೆ" ಎಂದರು ಅಪ್ಪ.

"ಚೆನ್ನಾಗಿ ನೋಡ್ಕೊಂಡಿದೀರಿ ಸಾರ್" ಎಂದರು ಆಕೆ.

ಅಮ್ಮ ಒಳಗಿನಿಂದ ಬಂದು ಪೆಟ್ಟಿಗೆಯನ್ನು ಸ್ವಲ್ಪ ದೂರದಿಂದಲೇ ನೋಡಿ, "ಹುಷಾರಾಗಿ ಕರ್ಕೊಂಡ್ ಹೋಗವ್ವ, ರೋಡಲ್ಲಿ ಹಳ್ಳ ಜಾಸ್ತಿ" ಎಂದಳು.

ಕೆಲವು ವಾರಗಳ ನಂತರ ಡಾಕ್ಟರಮ್ಮ ಫೋನು ಮಾಡಿ, ಗೂಬೆಯನ್ನು ಬಿಟ್ಟೆವು, ಚೆನ್ನಾಗಿ ಹಾರಿತು ಎಂದರು. ಎಲ್ಲಿ ಎಂದು ಅಪ್ಪ ಕೇಳಿದರು. ಅದನ್ನು ಯಾರಿಗೂ ಹೇಳುವುದಿಲ್ಲ ಎಂದರಂತೆ ಆಕೆ. "ಅದೂ ಸರೀನೇ" ಎಂದು ಅಪ್ಪ ಫೋನಿಟ್ಟರು. ಹಿತ್ತಲಿಗೆ ಹೋಗಿ ಕೋಣೆಯನ್ನು ಗುಡಿಸಿ, ಸುಣ್ಣ ಬಳಿದು, ಸ್ಪ್ಯಾನರುಗಳನ್ನು ಮತ್ತೆ ಗೋಡೆಗೆ ನೇತುಹಾಕಿದರು.

ಓದು ನಡುಮನೆಗೆ ಬಂತು. ಟೀವಿಯ ಸದ್ದು ಕಡಿಮೆ ಮಾಡಿ ಇನ್ನೆರಡು ದಪ್ಪ ಪುಸ್ತಕಗಳನ್ನು ಮುಗಿಸಿದೆವು. ಅಕ್ಕ ಮುಂದೆ ತನ್ನ ಆಸ್ಪತ್ರೆಯ ಲ್ಯಾಬಿನಲ್ಲಿದ್ದವನನ್ನು ತಾನೇ ನೋಡಿ ಒಪ್ಪಿ ಮದುವೆಯಾದಳು. ಈಗ ಕೃಷ್ಣಮೂರ್ತಿಪುರಂನಲ್ಲಿದ್ದಾಳೆ. ನನಗೆ ಬ್ಯಾಂಕಿನ ಕೆಲಸ ಸಿಕ್ಕಿ ಬೇರೆ ಊರಿಗೆ ಪೋಸ್ಟಿಂಗ್ ಆಯಿತು. ಹೊರಡುವಾಗ ನನ್ನ ಪುಸ್ತಕಗಳನ್ನೆಲ್ಲ ಅಲ್ಲೇ ಬಿಟ್ಟು ಬಂದೆ.

ಒಂದು ಭಾನುವಾರ ಅಪ್ಪನ ಫೋನು ಬಂತು. ಸಾಮಾನ್ಯವಾಗಿ ಫೋನು ಮಾಡುವವಳು ಅಮ್ಮ, ಅಪ್ಪ ಪಕ್ಕದಿಂದ ಚೆನ್ನಾಗಿದೀಯಾ ಎಂದು ಕೂಗುವವರು. ಇದು ಅವರದೇ ನಂಬರಿನಿಂದ.

"ಏನಪ್ಪ, ಎಲ್ಲ ಹುಷಾರಾಗಿದೀರಾ?"

"ಹುಷಾರು, ಹುಷಾರು. ನೀನು ಬುಟ್ಟೋಗಿರೋ ಆ ನೀಲಿ ರಟ್ಟಿನ ಪುಸ್ತಕ ಓದ್ತಾ ಇದೀನಿ. ಡಿಕ್ಷನರಿ ಇಟ್ಕೊಂಡು. ದಿನಕ್ಕೆ ಒಂದು ಪುಟ ಆದ್ರೆ ಹೆಚ್ಚು."

"ಇಂಗ್ಲಿಷಲ್ಲೇನಾ?"

"ಇನ್ನೇನು ಮಾಡ್ಲಿ, ಹೇಳೋರು ಊರಲ್ಲಿಲ್ವಲ್ಲ. ಈಗ ಒಂದು ಕುದುರೆ ಬಂದದೆ. ಹಿಮದಲ್ಲಿ ಬಿದ್ಬುಟ್ಟದೆ, ಕಾಲು ಮುರಿದದೆ. ಅದು ಬದುಕ್ತದಾ?"

ನಾನು ಆ ಪುಸ್ತಕವನ್ನು ಎಂದೋ ಓದಿದ್ದೆ. ಕುದುರೆ ಏನಾಯಿತೆಂದು ನನಗೆ ಚೆನ್ನಾಗಿ ನೆನಪಿತ್ತು.

"ಹೇಳ್ಬಿಡ್ಲಾ ಅಪ್ಪ?"

ಆ ಕಡೆಯಿಂದ ಪುಟ ಮಗುಚುವ ಸದ್ದು ಕೇಳಿಸಿತು.

"ಬೇಡ. ನಾನೇ ನೋಡ್ಕೋತೀನಿ ಬುಡು" ಎಂದು ಫೋನಿಟ್ಟರು.